ಚುಕ್ಕೆಯಿಲ್ಲದ ತಿರುವು

ಇಂಜಿನಿಯರಮ್ಮ ಮೇಜಿನ ಮೇಲೆ ಹರಡಿದ ನಕ್ಷೆಯ ತುಂಬ ಕೆಂಪು ಚುಕ್ಕೆಗಳಿದ್ದವು. ಒಂದೊಂದೂ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಒಂದು ಪ್ರಾಣಿ. ಆರು ವರ್ಷದಿಂದ ಅವನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟ ರಸ್ತೆ ಗ್ಯಾಂಗ್‌ಮನ್ ಎದುರಿಗೆ ನಿಂತಿದ್ದ.

"ನಿಮ್ಮ ಪುಸ್ತಕ ಇಲ್ದಿದ್ರೆ ಕತ್ತಲಲ್ಲಿ ಕೈಯಾಡಿಸಿದ ಹಾಗೆ ಆಗ್ತಿತ್ತು," ಎಂದಳು ಅವಳು. "ಪ್ರಾಣಿಗಳು ದಾಟೋಕೆ ರಸ್ತೆ ಕೆಳಗೆ ಒಂದೇ ಒಂದು ದಾರಿ ಮಂಜೂರಾಗಿದೆ. ಕಲ್ಲುಕ್ವಾರಿ ಹತ್ರ ಚುಕ್ಕೆ ಜಾಸ್ತಿ. ಅಲ್ಲೇ ಮಾಡ್ತೀವಿ."

ಅವನು ಕೆರೆ ತಿರುವನ್ನು ಹುಡುಕಿದ. ಅಲ್ಲಿ ನಕ್ಷೆ ಬೆಳ್ಳಗಿತ್ತು.

"ಮೇಡಂ, ಎಲ್ಲಕ್ಕಿಂತ ಹೆಚ್ಚು ಸಾಯೋದು ಈ ತಿರುವಲ್ಲಿ."

"ನೀವೇ ಒಂದೂ ಬರ್ದಿಲ್ವಲ್ಲ."

ನಿಜ, ಅವನು ಬರೆದಿರಲಿಲ್ಲ.

ಸತ್ತದ್ದನ್ನು ಬರೆದು ಊರಾಚೆಯ ಕಸದ ಗುಂಡಿಗೆ ಸಾಗಿಸಬೇಕೆಂಬುದು ನಿಯಮ. ಉಳಿದೆಡೆ ಹಾಗೇ ಮಾಡಿದ್ದ. ಕೆರೆ ತಿರುವು ಮಾತ್ರ ಅವನ ಮನೆಯ ಹಿಂದೆಯೇ ಇತ್ತು. ಮೊದಲ ವರ್ಷ ಅಲ್ಲಿ ಸತ್ತ ಜಿಂಕೆಯ ಹೊಟ್ಟೆಯಲ್ಲಿ ಮರಿಯಿತ್ತು. "ಬಸುರೀನ ಕಸಕ್ಕೆ ಹಾಕೋಕೆ ಮನಸ್ಸಾದ್ರೂ ಹೇಗೆ ಬರುತ್ತೆ ನಿಮಗೆ?" ಎಂದು ಹೆಂಡತಿ ಗುದ್ದಲಿ ತಂದಿದ್ದಳು. ಇಬ್ಬರೂ ಸೇರಿ ಹಿತ್ತಿಲಲ್ಲಿ ಹೂತರು. ಆಮೇಲೆ ಆ ತಿರುವಿನಲ್ಲಿ ಸತ್ತದ್ದೆಲ್ಲ ಅಲ್ಲೇ ಮಣ್ಣಾಯಿತು. ಗುಂಡಿಗೆ ಹಾಕದ್ದನ್ನು ಹಾಕಿದೆನೆಂದು ಸುಳ್ಳು ಬರೆಯಲು ಇಷ್ಟವಿಲ್ಲದೆ ಅವುಗಳ ಮಟ್ಟಿಗೆ ಅವನು ಪುಸ್ತಕವನ್ನೇ ತೆರೆಯುತ್ತಿರಲಿಲ್ಲ. "ನಮ್ಮನೇಲಿ ಬದುಕಿರೋರಿಗಿಂತ ಹಿತ್ತಿಲಲ್ಲಿ ಮಲಗಿರೋರೇ ಜಾಸ್ತಿ," ಎಂದು ಹೆಂಡತಿ ಆಗಾಗ ನಗುತ್ತಿದ್ದಳು.

ಆ ಸಂಜೆ ವಿಷಯ ಕೇಳಿ ಅವಳು ನಗಲಿಲ್ಲ. "ನಾನು ಬಾಯಿ ಮುಚ್ಕೊಂಡು ಇರ್ಬೇಕಿತ್ತು," ಎಂದಳು.

"ಅಗೆದೋನು ನಾನಲ್ವಾ."

ಬೆಳಗಾಗುತ್ತಲೇ ಇಬ್ಬರೂ ಹಿತ್ತಿಲನ್ನು ಅಗೆದರು. ಸಿಕ್ಕ ಬುರುಡೆಗಳನ್ನು ತೊಳೆದು, ಗೋಣಿಚೀಲದಲ್ಲಿ ತುಂಬಿ ಅವನು ಕಚೇರಿಗೆ ಹೊತ್ತೊಯ್ದ. ಇಂಜಿನಿಯರಮ್ಮ ಒಂದನ್ನು ಕೈಗೆತ್ತಿಕೊಂಡಳು. ಅಂಗೈಯಗಲದ್ದು, ಮರಿಯದು.

"ನಾನು ನಂಬ್ತೀನಿ," ಎಂದಳು ಮೆಲ್ಲಗೆ. "ಆದ್ರೆ ಯಾವುದು ಯಾವತ್ತು ಸತ್ತಿದ್ದು? ತಾರೀಖು ಹೇಳ್ತೀರಾ?"

ಒಂದು ಜೋರು ಮಳೆಯಲ್ಲಿ, ಇನ್ನೊಂದು ಹೆಂಡತಿಗೆ ಜ್ವರ ಬಂದಿದ್ದ ವಾರ. ಅವನಿಗೆ ನೆನಪಿದ್ದದ್ದು ಅಷ್ಟೇ.

"ತಾರೀಖಿಲ್ಲದೆ ಮೇಲಿನವರು ಒಪ್ಪಲ್ಲ. ಇನ್ನು ಐದು ವರ್ಷಕ್ಕೆ ಇನ್ನೊಂದು ದಾರಿಗೆ ಮತ್ತೆ ಲೆಕ್ಕ ಕೇಳ್ತಾರೆ. ಇವತ್ತಿಂದ ಒಂದನ್ನೂ ಬಿಡದೆ ಬರೀರಿ."

ಕ್ವಾರಿಯ ಬಳಿ ಸುರಂಗದಾರಿ ಸಿದ್ಧವಾಯಿತು. ಅದರಲ್ಲಿ ಸಾಲಾಗಿ ನಡೆದುಹೋಗುವ ಜಿಂಕೆಗಳ ಫೋಟೋ ಕಚೇರಿಯ ಗೋಡೆಗೆ ಬಂತು. ಅವನು ಅದನ್ನು ನಿಂತು ನೋಡಿದ. ಸಂತೋಷವೇ ಆಯಿತು.

ಅದೇ ವಾರ ಕೆರೆ ತಿರುವಿನಲ್ಲಿ ಒಂದು ಹೆಣ್ಣು ಜಿಂಕೆ ಬಿದ್ದಿತ್ತು. ಅವನು ರಸ್ತೆಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ತಾರೀಖು, ಹೊತ್ತು, ಜಾಗ ಎಲ್ಲವನ್ನೂ ಬರೆದ. ಹೆಂಡತಿ ಬಂದು ನಿಂತಳು. ಗುದ್ದಲಿ ತಂದಿರಲಿಲ್ಲ. ಹಿಂಗಾಲು ಹಿಡಿದು, ಎತ್ತಿ ತಳ್ಳುಗಾಡಿಗೆ ಹಾಕಲು ನೆರವಾದಳು.

ಅವನು ಕಸದ ಗುಂಡಿಯ ಕಡೆಗೆ ಗಾಡಿ ತಳ್ಳತೊಡಗಿದ. ಅವಳು ಹಿಂದಿರುಗದೆ ಪಕ್ಕದಲ್ಲೇ ನಡೆದಳು, ಗಾಡಿ ಕುಲುಕಿದಾಗಲೆಲ್ಲ ಜಿಂಕೆಯ ತಲೆ ಹಲಗೆಗೆ ಬಡಿಯದಂತೆ ಅಂಗೈ ಅಡ್ಡ ಹಿಡಿದುಕೊಂಡು.