ಅತ್ತಿಗೆ ಒಪ್ಪಿಕೊಂಡ ತಪ್ಪು

ಪ್ರತಿ ಬುಧವಾರ ಮಧ್ಯಾಹ್ನ ಎರಡಕ್ಕೆ ನಾಲ್ಕನೇ ವಾರ್ಡಿನ ನರ್ಸ್‌ಗಳು ಬಟ್ಟೆ ಕೋಣೆಯಲ್ಲಿ ಸೇರುತ್ತಾರೆ. ಒಬ್ಬರು ತಾವು ಮಾಡಿದ ತಪ್ಪು ಹೇಳಬೇಕು, ಉಳಿದವರು ಕಾರಣ ಹುಡುಕಬೇಕು. ಇದು ಕಲಿಕಾ ಕೂಟ. ನಿಯಮ ಎರಡೇ: ಹೇಳಿದವರಿಗೆ ಶಿಕ್ಷೆಯಿಲ್ಲ, ನಡೆದ ಘಟನೆಯಿಲ್ಲದೆ ಯಾವ ಬದಲಾವಣೆಯೂ ಇಲ್ಲ.

ಮೊದಲ ನಿಯಮ ಕಾಯಂ ಆದವರಿಗೆ ಮಾತ್ರ. ಅದಕ್ಕೇ ಹಿರಿಯ ನರ್ಸ್ ಆದ ಅತ್ತಿಗೆ ಕಳೆದ ತಿಂಗಳು, ಅದೇ ವಾರ್ಡಿಗೆ ಹೊಸದಾಗಿ ಸೇರಿದ್ದ ತನ್ನ ನಾದಿನಿಯ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ನಾದಿನಿ ಕಾಯಂ ಆಗಲು ಆಗ ಆರು ತಿಂಗಳು ಬಾಕಿಯಿತ್ತು. ಕಿಟಕಿ ಪಕ್ಕ ಬೇಕೆಂದ ಮುದುಕನಿಗೆ ಇನ್ನೊಬ್ಬರ ಜತೆ ಹಾಸಿಗೆ ಬದಲಿಸಿಕೊಳ್ಳಲು ಬಿಟ್ಟವಳು ನಾದಿನಿ. ರೋಗಿಯ ಕೈಪಟ್ಟಿಯ ಹೆಸರು ನೋಡದೆ, ಹಾಸಿಗೆಯ ನಂಬರು ನೋಡಿ ಅವನಿಗೆ ಬೇರೆಯವರ ಇನ್ಸುಲಿನ್ ಕೊಟ್ಟವಳೂ ಅವಳೇ. ಮುದುಕ ಬೆವತು ಕುಸಿದ. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣುಬಿಟ್ಟ. ಔಷಧಿ ಹಾಳೆಗೆ, ತಾನೇ ಕೊಟ್ಟಂತೆ, ಅತ್ತಿಗೆ ಸಹಿ ಹಾಕಿದಳು. ಹಾಸಿಗೆ ಬದಲಾದ ಮಾತೆತ್ತಿದರೆ ಬೊಟ್ಟು ನಾದಿನಿಯತ್ತ ತಿರುಗುತ್ತಿತ್ತು. ಕೂಟದಲ್ಲಿ, "ಫೋನ್ ಬಂತು, ಗಮನ ತಪ್ಪಿತು" ಎಂದಳು. ಮರುದಿನದಿಂದ ಔಷಧಿ ಕೊಡುವ ಹೊತ್ತಿಗೆ ಎಲ್ಲರ ಫೋನುಗಳೂ ಪೆಟ್ಟಿಗೆ ಸೇರಿದವು.

ಈ ಬುಧವಾರ ಬೆಳಿಗ್ಗೆ ನಾದಿನಿ ಮತ್ತೆ ನಂಬರು ಓದುತ್ತ ಟ್ರೇ ಹಿಡಿದು ಹೊರಟಿದ್ದನ್ನು ಅತ್ತಿಗೆ ಕಂಡಳು.

"ಕೈಪಟ್ಟಿ ನೋಡೇ!"

"ನೋಡ್ತೀನಿ ಅತ್ತಿಗೆ. ಮೂವತ್ತು ಜನಾನ ಒಬ್ಬಳೇ ಸುತ್ತಬೇಕು. ನೀವೇ ಹೇಳಿ, ಎಷ್ಟು ಕೈ ಎತ್ತಿ ನೋಡಲಿ?"

ಮಧ್ಯಾಹ್ನ ಕೂಟದಲ್ಲಿ ಅತ್ತಿಗೆ ಕೇಳಿದಳು: "ಔಷಧಿ ಹಾಳೆಯಿಂದ ಹಾಸಿಗೆ ನಂಬರನ್ನೇ ತೆಗೆದರೆ ಹೇಗೆ? ಆಗ ಕೈಪಟ್ಟಿ ನೋಡಲೇಬೇಕಾಗುತ್ತೆ."

"ಫೋನ್ ಪೆಟ್ಟಿಗೆಗೆ ಹೋಯ್ತು, ಈಗ ನಂಬರೂನಾ ಅಕ್ಕ? ನಾಳೆ ನಮ್ಮನ್ನೂ ತುಂಬಿಬಿಡಿ," ಎಂದಳು ಪಕ್ಕದವಳು. ಎಲ್ಲರೂ ನಕ್ಕರು.

ಮುಖ್ಯ ನರ್ಸ್ ನಗಲಿಲ್ಲ. "ನಂಬರಿನಿಂದ ತಪ್ಪಾದ ಘಟನೆ ಇದೆಯಾ?"

ಕೂಟದ ವರದಿ ಬರೆಯುತ್ತಿದ್ದ ನಾದಿನಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಪೆನ್ನು ಮಾತ್ರ ನಿಂತಿತು.

"ಆಗಬಹುದು ಅಂತ..." ಎಂದಳು ಅತ್ತಿಗೆ.

"ಆಗಬಹುದು ಅನ್ನೋದಕ್ಕೆ ಕೊನೆ ಎಲ್ಲಿ? ನಿಮ್ಮದು ಫೋನಿನಿಂದ ಆಗಿದ್ದು. ಅದನ್ನು ಸರಿಪಡಿಸಿದ್ದೀವಿ. ಸೋಮವಾರ ಉಳಿದ ವಾರ್ಡುಗಳಿಗೂ ನೀವೇ ಹೋಗಿ ಈ ಫೋನಿನ ಪಾಠ ಹೇಳಬೇಕು."

ಸಲಹೆ ಕೈಬಿಡಲಾಗಿದೆ ಎಂದು ನಾದಿನಿ ಬರೆದುಕೊಂಡಳು. ಅಕ್ಷರ ದುಂಡಗಿತ್ತು.

ಕೂಟ ಮುಗಿದ ಮೇಲೆ ಅತ್ತಿಗೆ ಕಚೇರಿಗೆ ಹೋಗಿ, ಮುಂದಿನ ತಿಂಗಳಿಗೆ ಮಂಜೂರಾಗಿದ್ದ ಆರು ದಿನದ ರಜೆಯನ್ನು ವಾಪಸ್ ಮಾಡಿದಳು. ನಾದಿನಿ ಕಾಯಂ ಆಗುವವರೆಗಿನ ಐದು ತಿಂಗಳು ತಮ್ಮಿಬ್ಬರ ಪಾಳಿಯನ್ನು ಒಟ್ಟಿಗೇ ಹಾಕಿಕೊಡಿ ಎಂದು ಕೇಳಿಕೊಂಡಳು.

"ನಾದಿನಿ ಮೇಲೆ ಅಷ್ಟು ಪ್ರೀತಿನಾ?" ಎಂದ ಗುಮಾಸ್ತ.

"ಹೂಂ," ಎಂದಳು.