ಮೂರನೆಯ ತುದಿ, ನಾಲ್ಕನೆಯ ತುದಿ

ಆ ಫೋಟೊವನ್ನು ನಾನಿನ್ನೂ ಎಸೆದಿಲ್ಲ. ಹೋದ ವರ್ಷ ಗೋಕಾಕದ ವಿಜ್ಞಾನ ಪ್ರದರ್ಶನದಲ್ಲಿ ನಾನು ಕಟ್ಟಿದ ಚಿಕ್ಕ ರೇಡಿಯೊಗೆ ಮೊದಲ ಬಹುಮಾನ ಬಂತು. ಪತ್ರಿಕೆಯಲ್ಲಿ ಹಾರ ಹಾಕಿಸಿಕೊಂಡು ನಿಂತವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕ ದುಂಡೇಶ ಸರ್. ಚಿತ್ರದ ಅಂಚಿನಲ್ಲಿ ರೇಡಿಯೊ ಹಿಡಿದ ಒಂದು ಕೈ ಇದೆ, ತೋರುಬೆರಳಿನ ಮೇಲೆ ಬೆಸುಗೆ ಕಡ್ಡಿ ಸುಟ್ಟ ಕಲೆ. ಆ ಕೈ ನನ್ನದು.

ಯಮಕನಮರಡಿಯ ನಮ್ಮ ಮನೆಯಲ್ಲಿ ಅವ್ವ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಳು.

"ನಿನ್ನ ಮುಖಾ ಎಲ್ಲೈತಿ ಇದರಾಗ, ಆಮ್ರಪಾಲಿ?"

"ಬಂದಿಲ್ಲ ಯವ್ವಾ."

ಅವಳು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಸರ್‌ಗೆ ಒಂದಿಷ್ಟು ಬೈದು ಹಗುರಾಗುತ್ತಿದ್ದೆ. ಬೈಯಲಾಗದ್ದರಿಂದ ವರ್ಷವಿಡೀ ಆ ಸಿಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡೆ.

ನಾನು ಹುಕ್ಕೇರಿಯ ಕಾಲೇಜೊಂದರಲ್ಲಿ ಪ್ರಯೋಗಾಲಯದ ಸಹಾಯಕಿ. ಬೆಸುಗೆ ಕಲಿಸಿದವನು ಅಪ್ಪ ಕೇದಾರಿ. ಜಯಂತಿಗಳಿಗೆ, ಮದುವೆಗಳಿಗೆ ಮೈಕ್ ಸೆಟ್ ಕಟ್ಟುತ್ತಿದ್ದ. ದುಂಡೇಶ ಸರ್‌ಗೆ ಪಾಠ ಬರುತ್ತದೆ, ಇಲ್ಲವೆನ್ನಲಾರೆ. ಎಡಗೈಯಲ್ಲಿ ಬೋರ್ಡು ತುಂಬ ಬರೆದು, ಎಡತೋಳಿಗೆಲ್ಲ ಚಾಕ್‌ಪುಡಿ ಬಳಿದುಕೊಂಡು ಹೊರಬರುತ್ತಾರೆ. ಆದರೆ ಕಾದ ಕಡ್ಡಿಯನ್ನು ಯಾವ ಕಡೆ ಹಿಡಿಯಬೇಕೆಂಬುದು ಅವರಿಗೆ ಇನ್ನೂ ಅನುಮಾನ.

ಈ ವರ್ಷ ಅವರು ಶಾರ್ಟ್‌ವೇವ್ ರೇಡಿಯೊದ ಕಿಟ್ ತರಿಸಿದರು. ದೂರದೇಶದ ಸ್ಟೇಶನ್ನುಗಳನ್ನು ಹಿಡಿಯುವ ರೇಡಿಯೊ ಅದು. ಹದಿನೈದು ದಿನ ಕೂತು ನಾನೇ ಬೆಸೆದೆ. ಪ್ಲಾಸ್ಟಿಕ್ ಪೈಪಿನ ತುಂಡಿನ ಮೇಲೆ ತಾಮ್ರದ ತಂತಿಯ ದೊಡ್ಡ ಸುರುಳಿ ಸುತ್ತಿದೆ. ಅದರ ಪಕ್ಕದ ಸಣ್ಣ ಸುರುಳಿಯೊಂದು ಉಳಿದಿತ್ತು. ಬಂದ ಬಡಕಲು ದನಿಯನ್ನು ಮತ್ತೆ ಮತ್ತೆ ದೊಡ್ಡ ಸುರುಳಿಗೆ ಒಪ್ಪಿಸಿ ಗಟ್ಟಿ ಮಾಡುವುದು ಅದರ ಕೆಲಸ. ಪ್ರದರ್ಶನದ ಹಿಂದಿನ ಮಧ್ಯಾಹ್ನ ಸರ್ ಬಂದರು.

"ಏ ಆಮ್ರಪಾಲಿ, ಇತ್ತ ಕೊಡ ಅದನ್ನ. ಇದೊಂದ ನಾನ ಸುತ್ತತೇನಿ. ನೀ ವಿಡಿಯೊ ತಗಿ."

ಅವರ ಫೋನಿನಲ್ಲೇ ವಿಡಿಯೊ ತೆಗೆದೆ. ಎಂಟು ಸುತ್ತು ಸುತ್ತಿ, ಫೋನು ಕಸಿದುಕೊಂಡು, "ನನ್ನ ಕೈಯಾರೆ" ಎಂದು ಬರೆದು ಸ್ಟೇಟಸ್ಸಿಗೆ ಹಾಕಿದರು. ಆಮೇಲೆ ಹೆಸರಿನ ಚೀಟಿಯನ್ನು ರೇಡಿಯೊದ ಡಬ್ಬಿಗೆ ಅಂಟಿಸಿದರು. ತಯಾರಿಸಿದವರು: ದುಂಡೇಶ. ಅದರ ಕೆಳಗೆ ಇನ್ನೊಂದು ಹೆಸರಿಗೆ ಬೇಕಾದಷ್ಟು ಜಾಗವಿತ್ತು.

ಅವರು ಹೋದ ಮೇಲೆ ಸಣ್ಣ ಸುರುಳಿಯ ತುದಿಗಳನ್ನು ಬೆಸೆಯಲು ಕೂತೆ. ಕಿಟ್ಟಿನ ನಕ್ಷೆಯಲ್ಲಿ ದೊಡ್ಡ ಸುರುಳಿಯ ತುದಿಗಳು ಒಂದು, ಎರಡು; ಸಣ್ಣದರ ಮೂರನೆಯ ತುದಿ ಮೇಲಕ್ಕೆ, ನಾಲ್ಕನೆಯದು ಕೆಳಕ್ಕೆ. ಅದಲುಬದಲಾದರೆ ಆ ಸುರುಳಿ ದನಿಯನ್ನು ಬೆಳೆಸುವ ಬದಲು ಅದುಮಿಬಿಡುತ್ತದೆ. ರೇಡಿಯೊ ಮೂಗಿಯಾಗುತ್ತದೆ. ನಾನು ಮೂರನ್ನು ಕೆಳಕ್ಕೂ ನಾಲ್ಕನ್ನು ಮೇಲಕ್ಕೂ ಬೆಸೆದೆ. ಇಡೀ ಗೋಕಾಕದೆದುರು ಅವರು ತಿರುಪು ತಿರುಗಿಸುತ್ತ ಬೆವರುವುದನ್ನು ನೆನೆದು ಖುಷಿಯಾಯಿತು, ಖರೆ ಹೇಳುತ್ತೇನೆ.

"ಹಚ್ಚಿ ನೋಡೂನೇನ?" ಎಂದು ಮರುದಿನ ಗೋಕಾಕಕ್ಕೆ ಹೊರಡುವಾಗ ಸರ್ ಕೇಳಿದರು.

"ಉದ್ದನ್ನ ಏರಿಯಲ್ ಬೇಕ್ರಿ ಸರ್. ಅಲ್ಲೇ ಕಟ್ಟೂನ್ರಿ," ಎಂದೆ. ನಂಬಿದರು.

ಗೋಕಾಕದ ಸಭಾಂಗಣದ ಕಿಟಕಿಯಿಂದ ಬೇವಿನ ಮರಕ್ಕೆ ತಂತಿ ಎಳೆದೆ. ಸಂಜೆ ಐದಕ್ಕೆ ತೀರ್ಪುಗಾರ್ತಿ ನಂದಾ ಮೇಡಂ ಬಂದರು, ಬೆಳಗಾವಿಯಲ್ಲಿ ಸ್ವಂತ ಹವ್ಯಾಸಿ ರೇಡಿಯೊ ಕೇಂದ್ರ ಇಟ್ಟುಕೊಂಡವರು. ಸರ್ ಗಂಟಲು ಸರಿಮಾಡಿಕೊಂಡು ತಿರುಪು ತಿರುಗಿಸಿದರು. ನಾನು ಮೊದಲ ಸಾಲಿನಲ್ಲಿ ಕೂತು ಕಾಯುತ್ತಿದ್ದೆ.

ರೇಡಿಯೊ ಮಾತಾಡಿತು. ಯಾವುದೋ ದೇಶದ ಹೆಂಗಸೊಬ್ಬಳು, ಯಾರಿಗೂ ತಿಳಿಯದ ಭಾಷೆಯಲ್ಲಿ, ಸ್ವಚ್ಛವಾಗಿ ಸುದ್ದಿ ಓದುತ್ತಿದ್ದಳು. ಜನ ಚಪ್ಪಾಳೆ ತಟ್ಟಿದರು. ನನ್ನ ಮೈಯೆಲ್ಲ ಉರಿದುಹೋಯಿತು.

ಆಗ ಮೇಡಂ ತೆರೆದ ಡಬ್ಬಿಯನ್ನೂ ಪಕ್ಕದಲ್ಲಿಟ್ಟ ನಕ್ಷೆಯನ್ನೂ ಬಗ್ಗಿ ನೋಡಿದರು. "ಸರ್, ನಕ್ಷೆದಾಗ ಮೂರನೇದು ಮ್ಯಾಲ ಐತಿ. ನೀವು ಕೆಳಗ ಹಚ್ಚೀರಿ. ಇದು ಮಾತಾಡಬಾರದಿತ್ತು. ಹೆಂಗ ಮಾತಾಡಾಕತ್ತೈತ್ರಿ?"

ಸರ್ ನಕ್ಷೆ ನೋಡಿದರು, ಡಬ್ಬಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಸುರುಳಿಗಳನ್ನು ನೋಡುತ್ತಿದ್ದೆ. ನಾನು ಸುತ್ತಿದ್ದು ಬಲಕ್ಕೆ ತಿರುಗಿ ಹತ್ತಿತ್ತು. ಸರ್ ಸುತ್ತಿದ ಎಂಟು ಸುತ್ತು ಎಡಕ್ಕೆ ತಿರುಗಿದ್ದವು; ಸುತ್ತು ತಿರುವುಮುರುವಾದರೆ ತುದಿಗಳು ಅದಲುಬದಲಾದಂತೆಯೇ. ಎಡಗೈಯವರು! ವಿಡಿಯೊ ತೆಗೆಯುವಾಗ ಕಣ್ಣೆದುರೇ ಸುತ್ತಿದ್ದರು, ಸಿಟ್ಟಿನಲ್ಲಿ ನನಗೆ ಕಂಡಿರಲಿಲ್ಲ. ನಕ್ಷೆಯಂತೆ ಬೆಸೆದಿದ್ದರೆ ಇಂದು ರೇಡಿಯೊ ಮೂಗಿಯಾಗಿಯೇ ಇರುತ್ತಿತ್ತು. ಅವರ ತಪ್ಪನ್ನು ನನ್ನ ಸೇಡು ತಿದ್ದಿತ್ತು.

ಬಾಯಿ ಮುಚ್ಚಿಕೊಂಡು ಕೂತರೆ ನನ್ನ ಮೋಸ ಯಾರಿಗೂ ಗೊತ್ತಾಗುವುದಿಲ್ಲ. ರೇಡಿಯೊ ಮಾತ್ರ ಮತ್ತೆ ಅವರದಾಗುತ್ತದೆ. ಎದ್ದು ಮುಂದೆ ಹೋದೆ.

"ಮೇಡಂ, ಇದನ್ನ ಕಟ್ಟಿದಾಕಿ ನಾನ್ರಿ. ಇದು ಮಾತಾಡಬಾರದು, ಸರ್ ಮಾನಾ ಹೋಗಲಿ ಅಂತ ತುದಿ ತಿರುವಿ ಬೆಸದೆ. ಅವರು ಎಡಗೈಲೆ ಸುತ್ತಿದ್ರು, ಹಿಂಗಾಗಿ ಸರಿಯಾತು."

"ಬದಲಿ ಮಾಡಿ ತೋರಸ್ತೀಯೇನವಾ?"

ಕಡ್ಡಿ ಕಾಯಿಸಿ ತುದಿಗಳನ್ನು ಬದಲಿಸಿದೆ. ಹೆಂಗಸಿನ ದನಿ ಸತ್ತುಹೋಯಿತು. ಮತ್ತೆ ಮೊದಲಿನಂತೆ ಬೆಸೆದೆ. ಅವಳು ಸುದ್ದಿ ಮುಂದುವರಿಸಿದಳು.

"ನನ್ನ ಮಾನಾ ಕಳ್ಯಾಕ ಮಾಡಿದಿ?" ಸರ್ ದನಿ ಒಡೆದಿತ್ತು.

"ಹೌದ್ರಿ ಸರ್. ಹ್ವಾದ ವರ್ಷ ಮಾಡಬೇಕಿತ್ತು."

ನಂದಾ ಮೇಡಂ ಚೀಟಿಯನ್ನು ಕಿತ್ತರು. ನನ್ನ ಹೆಸರು ಬರೆಯಲಿಲ್ಲ. "ಕೆಲಸ ಛಲೋ ಐತಿ. ಆದ್ರ ಕೆಡಸಾಕ ಬೆಸದಿದ್ದಕ್ಕ ಬಹುಮಾನ ಕೊಡಾಕ ಬರೂದಿಲ್ಲವಾ," ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂದುಕೊಳ್ಳುತ್ತ ಬಸ್ಸು ಹತ್ತಿದೆ.

ಅವ್ವ ಬಾಗಿಲಲ್ಲೇ ನಿಂತಿದ್ದಳು. "ಬಹುಮಾನ ಬಂತೇನ?"

"ಇಲ್ಲ ಯವ್ವಾ," ಎಂದೆ. "ಆದ್ರ ಈ ಸಲ ಎಲ್ಲಾರೂ ನನ್ನ ಮುಖಾ ನೋಡಿದ್ರು."