ಮಡಚಿದ ಅಂಚು

ಹಲಸೂರು ಕೆರೆಯ ಕಡೆ ಆಟೊ ತಿರುಗಿದಾಗ ತೊಡೆಯ ಮೇಲಿನ ರೇಷ್ಮೆ ಕೋಟಿಗೆ ಬಿಸಿಲು ಬಿತ್ತು, ಬಿದ್ದದ್ದು ಜಾರಿತು, ಹೀಗೆ ಜಾರಬಾರದಿತ್ತು, ಅಂಚಿನ ನೂಲುಗಳಲ್ಲಿ ಸಿಕ್ಕಿಕೊಳ್ಳಬೇಕಿತ್ತು, ನಾಲ್ಕು ಬೆರಳುದ್ದ ನೇತಾಡುತ್ತಿದ್ದ ನೂಲು ಎಲ್ಲಿ — ಭಾಗ್ಯಲಕ್ಷ್ಮಿ ಕೋಟನ್ನು ಮಗುಚುತ್ತಾಳೆ, ಅಂಚೆಲ್ಲ ಒಳಕ್ಕೆ ಮಡಚಿದೆ, ಹೆಮ್ಮಿಂಗ್ ಆಗಿದೆ, ಕೈಹೊಲಿಗೆ, ಅಂಗುಲಕ್ಕೆ ಹನ್ನೆರಡು, ಹಾಶಿಮ್, ಶಿವಾಜಿನಗರದ ಟೈಲರ್ ಮುದುಕಾ, ನಿನ್ನ ಕೈಗೆ ಲಕ್ವ ಹೊಡೀಲಿ, ಕೊಟ್ಟದ್ದು ಸಡಿಲವಾದ ಒಂದು ಗುಂಡಿ ಭದ್ರ ಮಾಡುವುದಕ್ಕೆ, ಈಗತಾನೇ ಪೊಟ್ಟಣ ಕೈಗಿಟ್ಟು ನಗುತ್ತಿದ್ದರು, ಬಿಚ್ಚಿ ನೋಡಿ ಮೇಡಂ, ಖುಷಿ ಆಗ್ತೀರ, ಕಾಸೇನೂ ಬೇಡ. ಫೋನು ಹಚ್ಚಿದರೆ ಆ ದನಿಯಲ್ಲಿ ಇನ್ನೂ ಅದೇ ನಗು, ಅಂಚೆಲ್ಲ ಬಿಚ್ಕೊಂಡಿತ್ತಲ್ಲ ಮೇಡಂ, ಹಂಗೇ ಕಳ್ಸಿದ್ರೆ ನಮ್ಮಬ್ಬಾ ಗೋರಿಯಿಂದ ಎದ್ದು ಬಂದು ಬೈತಾರೆ. ನೂಲು ಕಟ್ ಮಾಡಿದ್ರಾ? ಇಲ್ಲ ಇಲ್ಲ, ಒಳಗೇ ಮಡಚಿದೀನಿ. ಕತ್ತರಿಸಿಲ್ಲ, ಹಾಗಾದರೆ ಬಿಚ್ಚಬಹುದು, ಗಂಟೆ ಹತ್ತು ಇಪ್ಪತ್ತು, ಹನ್ನೊಂದಕ್ಕೆ ಮ್ಯೂಸಿಯಂನವರು ಇಂದಿರಾನಗರದ ಗ್ಯಾಲರಿಗೆ ಬರುತ್ತಾರೆ, ಇಪ್ಪತ್ತೆರಡು ವರ್ಷದಲ್ಲಿ ಮಾಡಿದ ನಾನೂರು ಉಡುಪಿನಲ್ಲಿ ಅವರಿಗೆ ಬೇಕಾದದ್ದು ಇದೊಂದೇ, ಮೊದಲನೆಯದು, ಅಂಚು ಕಟ್ಟದ ಕೋಟು. ಬ್ಯಾಗಿನಲ್ಲಿ ಬ್ಲೇಡು ಇದೆ, ನಿಧಾನ ಹೋಗಪ್ಪಾ, ಗುಂಡಿ ನೋಡ್ಕೊಂಡ್ ಹೋಗು — ಅಕ್ಕಾ, ಗುಂಡಿ ಬಿಟ್ಟು ಹೋಗೋಕೆ ರೋಡೆಲ್ಲಿದೆ — ಒಂದು ಹೊಲಿಗೆ, ಇನ್ನೊಂದು, ಬೆರಳಿಗೆ ಈ ಕೆಲಸ ಹಳೆಯದು, ಕೆ.ಆರ್. ಪುರಂ ಗಾರ್ಮೆಂಟ್ಸ್‌ನಲ್ಲಿ ನೇತಾಡುವ ದಾರ ಕತ್ತರಿಸುವ ಟೇಬಲ್ಲು, ಗಂಟೆಗೆ ಅರವತ್ತು ಷರ್ಟು, ಸೂಪರ್‌ವೈಸರ್ ಜಗದೀಶ್ ಒಂದೊಂದನ್ನೂ ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ಮುಖಕ್ಕೆ ಎಸೆಯುತ್ತಿದ್ದ, ಏನಮ್ಮಾ ಇದು, ದಾರ, ಕಣ್ಣು ಮನೇಲಿಟ್ಟು ಬಂದಿದ್ಯಾ? ಒಂದು ದಾರವನ್ನೂ ಕತ್ತರಿಸದ ಬಟ್ಟೆ ಮಾಡ್ತೀನಿ ಕಣೋ ಎಂದುಕೊಂಡದ್ದು ಅವನ ಮೇಲಿನ ಸಿಟ್ಟಿಗೇ, ಮೊದಲ ಫ್ಯಾಷನ್ ಷೋನಲ್ಲಿ ಮುಂದಿನ ಸಾಲಿನವರು ನಕ್ಕರು, ಟೈಲರ್ ಅರ್ಧಕ್ಕೇ ಓಡಿಹೋದ್ನಾ, ಆಮೇಲೆ ಅವರೇ ಬಂದು ಸಾಲು ನಿಂತರು, ಮಾರಿದಳು, ಕ್ಷಮಿಸಲಿಲ್ಲ. ಹಾಶಿಮ್ ಒಂದು ಷೋವನ್ನೂ ನೋಡಿಲ್ಲ, ಇಪ್ಪತ್ತು ವರ್ಷ ಲೈನಿಂಗ್ ಹೊಲಿದರು, ಗುಂಡಿ ಹಾಕಿದರು, ಮುಗಿದ ಉಡುಪು ಅವರ ಕೈಗೆ ಹೋದದ್ದು ಇದೇ ಮೊದಲು, ಅಂಚು ಮುಟ್ಟಬೇಡಿ ಎಂದು ಒಂದು ಮಾತು ಹೇಳಬಹುದಿತ್ತು — ಟೈಲರಿಗೆ ಏನು ವಿವರಿಸುವುದು ಎಂದುಕೊಂಡಿದ್ದಳು, ಅಯ್ಯೋ, ಹಾಗೇ ಅಂದುಕೊಂಡಿದ್ದಳು. ಗ್ಯಾಲರಿಯ ಮೋನಿಷಾ ಫೋನಿನಲ್ಲಿ, ಮ್ಯಾಮ್, ಬೇಗನೇ ಬಂದ್ಬಿಟ್ರು, ಕಾಫಿ ಕೊಟ್ಟಿದೀನಿ, ಎಲ್ಲಿದೀರ? ಸಿಎಂಎಚ್ ರಸ್ತೆಯ ಸಿಗ್ನಲ್ಲು, ಒಂದು ಗೇಣು ಬಿಚ್ಚಿದೆ, ನೂಲು ಹೊರಗೆ ಬಂದಿದೆ, ಮುದುಡಿದೆ, ಇಸ್ತ್ರಿಗೆ ಸರಿಹೋದೀತು, ಆದರೆ ಅದರ ಮೇಲೆ ಹೊಲಿಗೆ ಇದ್ದ ಗೆರೆ, ಬಿಗಿ ನೇಯ್ಗೆಯ ರೇಷ್ಮೆ, ಸೂಜಿ ಹೊಕ್ಕಲ್ಲಿ ಕೂಡಿಕೊಳ್ಳುವುದಿಲ್ಲ, ಇಸ್ತ್ರಿಗೂ ಇಲ್ಲ, ನೀರಿಗೂ ಇಲ್ಲ, ಅದು ಅವಳಿಗೆ ಗೊತ್ತು, ಹಾಶಿಮ್‌ಗೂ ಗೊತ್ತು, ಬಿಚ್ಚುತ್ತಾರೆಂದು ಆತ ಹೊಲಿದಿರಲಿಲ್ಲ — ಕೋಟನ್ನು ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ನೋಡುತ್ತಾಳೆ, ತೂತು, ಅದರ ಪಕ್ಕ ತೂತು, ಒಂದೂ ಓರೆಯಿಲ್ಲ, ಅಂಗುಲಕ್ಕೆ ಹನ್ನೆರಡು, ಹನ್ನೆರಡು, ಹನ್ನೆರಡು